ಹಾಲ್ಟ್ ಬಸ್ಸಿನ ಡಬ್ಬಿ

ಜುಲೈ ೧, ಮಂಗಳವಾರ

ಔಷಧ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಇಷ್ಟು ದಿನ ಟಿವಿ ಮೇಜಿನ ಕುಂಟು ಕಾಲಿಗೆ ಆಸರೆಯಾಗಿತ್ತು. ಇವತ್ತು ಎಳೆದು ತೆಗೆದೆ. ಯಾರ ಮುಂದಾದರೂ ಬೈಯಬೇಕು, ಮನೆಯಲ್ಲಿ ಬೈದರೆ ಅತ್ತೆಯ ಕಿವಿ ಚುರುಕು.

ರಾರಾವಿಯ ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ರಕ್ತ ತೆಗೆದು, ಪರೀಕ್ಷೆ ಮಾಡಿ, ಡಾಕ್ಟರಿಗೆ ಬರೆದು ಕೊಡುವುದು ನನ್ನ ಕೆಲಸ. ಬಳ್ಳಾರಿಯಿಂದ ಬೆಳಗಿನ ನೇರ ಬಸ್ಸು ಹಿಡಿದರೆ ಆಸ್ಪತ್ರೆ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರುತ್ತಿದ್ದೆ. ಹೋದ ತಿಂಗಳು ಆ ಬಸ್ಸು ನಿಂತಿತು. ಡ್ರೈವರ್ ಇಲ್ಲ ಅನ್ನುತ್ತಾರೆ ಕೆಲವರು, ರಸ್ತೆ ಕೆಟ್ಟಿದೆ ಅನ್ನುತ್ತಾರೆ ಕೆಲವರು. ಈಗ ಸಿರುಗುಪ್ಪದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕು. ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಇವತ್ತು ಮುಟ್ಟಿದಾಗ ಹನ್ನೊಂದು ದಾಟಿತ್ತು. ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಬೆಳಗಿನಿಂದ ಏನೂ ತಿನ್ನದೆ ಬೆಂಚು ತುಂಬ ಕೂತಿದ್ದರು. ನಾನು ಒಳಗೆ ಕಾಲಿಡುವಾಗಲೇ ಕಾಡಸಿದ್ದಪ್ಪ ಅನ್ನುವ ಮುದುಕರು ಬೆಂಚಿನಿಂದ ಜಾರಿ ಬಿದ್ದರು. ಸಕ್ಕರೆ ನೀರು ಕುಡಿಸಿದೆವು. ಕಣ್ಣು ಬಿಟ್ಟವರು ನನ್ನ ಮುಖ ನೋಡಿ, "ಬಸ್ಸು ಸಿಗಲಿಲ್ಲೇನವ್ವ?" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಆ ಮಾತು ಕೇಳಿ ನನಗೆ ಅಳು ಬಂತು.

ಇದು ಹೀಗೆ ನಡೆಯುವುದಿಲ್ಲ. ರಾರಾವಿಯಲ್ಲೇ ಒಂದು ಮನೆ ಹಿಡಿಯಬೇಕು. ಬಸ್ಸು ಮತ್ತೆ ಶುರುವಾಗುವವರೆಗೆ ಮಾತ್ರ. ಮದುವೆಯಾಗಿ ಒಂದು ವರ್ಷ, ಅಷ್ಟರಲ್ಲಿ ಒಂದು ಮನೆಗೆ ಎರಡು ಒಲೆ. ಮತ್ತೆ ನಾನು, ಗಂಡ, ಅತ್ತೆ ಮೂವರೂ ಒಂದೇ ಒಲೆಗೆ ಬರುವುದು ಯಾವಾಗಲೋ.

ಜುಲೈ ೩, ಗುರುವಾರ

ಸಮ್ರಾಟ್‌ಗೆ ಹೇಳಿದೆ. ಜೀನ್ಸ್ ಯೂನಿಟ್ಟಿನಲ್ಲಿ ನನ್ನ ಗಂಡ ಕಟಿಂಗ್ ಮಾಸ್ಟರ್. ಅವರು ಬಟ್ಟೆ ಕತ್ತರಿಸದಿದ್ದರೆ ಅಲ್ಲಿ ಹೊಲಿಯುವವರೆಲ್ಲ ಕೈಕಟ್ಟಿ ಕೂರಬೇಕು, ಹಾಗಾಗಿ ಊರು ಬಿಡುವ ಮಾತೇ ಇಲ್ಲ. "ಹೋಗು, ಜನ ಉಪಾಸ ಕುಂದರಬಾರದು" ಅಂದರು. ನನಗೆ ಒಳಗೊಳಗೇ ಸ್ವಲ್ಪ ಖುಷಿಯೂ ಆಗಿತ್ತು, ಸುಳ್ಳು ಯಾಕೆ ಬರೆಯಲಿ. ನನ್ನದೇ ಮನೆ, ನನಗೆ ಬೇಕಾದಾಗ ಏಳುವುದು, ತಿಂದ ತಟ್ಟೆ ಸಂಜೆ ತೊಳೆದರೂ ಕೇಳುವವರಿಲ್ಲ.

ಊಟಕ್ಕೆ ಕೂತಾಗ ಅತ್ತೆ ರೊಟ್ಟಿ ಮುರಿಯುತ್ತಲೇ ತೀರ್ಪು ಕೊಟ್ಟರು. ಒಬ್ಬಳೇ ಹೆಣ್ಣುಮಗಳನ್ನು ಕಳಿಸಲು ಆಗುವುದಿಲ್ಲ, ತಾನೂ ಬರುತ್ತೇನೆ ಅಂತ. ಮಗನ ಊಟದ ಗತಿ ಏನು ಅಂದರೆ, ಅದಕ್ಕೂ ದಾರಿ ಇದೆಯಂತೆ.

ಎರಡು ಒಲೆ ಅಂದುಕೊಂಡಿದ್ದೆ. ಒಲೆಯ ಜೊತೆ ಅತ್ತೆಯೂ ಬಂದರು.

ಜುಲೈ ೭, ಸೋಮವಾರ. ರಾರಾವಿ

ಉಚ್ಚಂಗೆಮ್ಮ ಅನ್ನುವವರ ಮನೆಯ ಹಿಂಭಾಗದ ಎರಡು ಕೋಣೆ. ಅಂಗಳದಲ್ಲಿ ಹುಣಸೆಮರ, ಗೋಡೆಯಾಚೆ ಭತ್ತದ ಗದ್ದೆ. ನಾನು ಎರಡು ಚೀಲ ತಂದಿದ್ದೆ. ಅತ್ತೆ ತಂದದ್ದು ಜೋಳದ ಹಿಟ್ಟಿನ ಡಬ್ಬ, ಹಿಟ್ಟು ನಾದುವ ಕೊಣಮಿಗೆ, ರೊಟ್ಟಿ ಹಂಚು, ಪೂಜೆಯ ಸಾಮಾನು, ಒಂದು ಕಸಬರಿಗೆ. ರಾರಾವಿಯಲ್ಲಿ ಕಸಬರಿಗೆ ಸಿಗುವುದಿಲ್ಲವೇ ಅಂತ ಕೇಳಿದೆ. ಸಿಗುತ್ತದೆ, ಆದರೆ ಅದು ತನ್ನ ಕೈಗೆ ಒಗ್ಗಬೇಕಲ್ಲ ಅಂದರು. ನಾನು ಗುಡಿಸಿದ ಕೋಣೆಯನ್ನು ಅದೇ ಕಸಬರಿಗೆಯಿಂದ ಮತ್ತೊಮ್ಮೆ ಗುಡಿಸಿದರು.

ಜುಲೈ ೯, ಬುಧವಾರ

ಬೆಳಕು ಹರಿಯುವ ಮುಂಚೆ ಧಪ್ ಧಪ್ ಅಂತ ಸದ್ದು. ಅತ್ತೆ ರೊಟ್ಟಿ ಬಡಿಯುತ್ತಿದ್ದಾರೆ. ದಿಂಬು ಕಿವಿಗೆ ಒತ್ತಿಕೊಂಡೆ, ಪ್ರಯೋಜನವಿಲ್ಲ.

ಅವರು ಹೇಳಿದ್ದ ದಾರಿ ಇದು. ಸಂಜೆ ಬಳ್ಳಾರಿಯಿಂದ ಒಂದು ಬಸ್ಸು ಬಂದು ಊರಲ್ಲೇ ತಂಗುತ್ತದೆ. ಅದಕ್ಕೆ ಇಲ್ಲಿ ಹಾಲ್ಟ್ ಬಸ್ಸು ಅನ್ನುತ್ತಾರೆ. ಬೆಳಿಗ್ಗೆ ಆರಕ್ಕೆ ಅದೇ ಬಸ್ಸು ಬಳ್ಳಾರಿಗೆ ವಾಪಸ್. ನನಗೆ ಬೇಕಾದದ್ದಕ್ಕೆ ಸರಿಯಾಗಿ ಉಲ್ಟಾ ಓಡುವ ಈ ಬಸ್ಸು ಅತ್ತೆಗೆ ಮಾತ್ರ ಅನುಕೂಲಕ್ಕೆ ಬಂತು. ಡ್ರೈವರ್ ಕೊಟ್ಟೂರಪ್ಪನವರ ಪಕ್ಕದ ಬಾನೆಟ್ಟಿನ ಮೇಲೆ ಊರವರ ಬುತ್ತಿ ಡಬ್ಬಿಗಳು ಸಾಲಾಗಿ ಕೂತಿರುತ್ತವೆ. ಬಳ್ಳಾರಿಯಲ್ಲಿ ಓದುವ, ದುಡಿಯುವ ಮಕ್ಕಳಿಗೆ. ನಮ್ಮ ಸ್ಟೀಲ್ ಡಬ್ಬಿಯೂ ಆ ಸಾಲಿಗೆ ಸೇರಿತು. ಸಮ್ರಾಟ್ ಬಸ್ ಸ್ಟ್ಯಾಂಡಿಗೆ ಬಂದು ಒಯ್ಯುತ್ತಾರೆ, ಸಂಜೆ ಖಾಲಿ ಡಬ್ಬಿ ಅದೇ ಬಸ್ಸಿಗೆ ಹಾಕುತ್ತಾರೆ.

ಉಚ್ಚಂಗೆಮ್ಮ ನೋಡಿ ನಕ್ಕರು. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಅಂದರು. ಅತ್ತೆಗೆ ಅದು ಹಿಡಿಸಲಿಲ್ಲ.

ಜುಲೈ ೧೦, ಗುರುವಾರ

ಡಬ್ಬಿ ಫಳಫಳ ತೊಳೆದು ಬಂದಿತ್ತು. ಒಳಗೆ ಏನೂ ಇಲ್ಲ. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಅತ್ತೆ ಮಾತ್ರ ಅದನ್ನು ಹಿಡಿದುಕೊಂಡು ಕೂತೇಬಿಟ್ಟರು. ಉಣ್ಣಲು ಕೊಟ್ಟವರ ಪಾತ್ರೆಯನ್ನು ಖಾಲಿ ಕಳಿಸಬಾರದಂತೆ, ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕಂತೆ. ನನ್ನ ತವರು ಕುರುಗೋಡಿನ ಮನೆಯಲ್ಲೂ ಅವ್ವ ಹೀಗೇ ಮಾಡುತ್ತಾಳೆ, ಆದರೆ ಮಗ ತಾಯಿಗೆ ಕಳಿಸುವಾಗಲೂ ಈ ಲೆಕ್ಕ ಉಂಟೇ?

ಉಂಟಂತೆ. ಫೋನು ಹಚ್ಚಿ ಮಗನಿಗೆ ಹೇಳಿದರು, "ಖಾಲಿ ಡಬ್ಬಿ ಕಳಸಬ್ಯಾಡಲೇ. ಖಾಲಿ ಬಂತಂದ್ರ ಮನ್ಯಾಗ ಏನೋ ಕೆಟ್ಟೈತಿ ಅಂತ ತಿಳಕೊಂತೀನಿ ನಾನು."

ಜುಲೈ ೧೪, ಸೋಮವಾರ

ಶುಕ್ರವಾರ ಬಾಳೆಹಣ್ಣು ಬಂತು. ಶನಿವಾರ ಒಗ್ಗರಣೆ ಮಂಡಕ್ಕಿಯ ಜೊತೆ ಎರಡು ಮಿರ್ಚಿ ಬಜ್ಜಿ. ಮೆತ್ತಗಾಗಿದ್ದರೂ ನಾನೂ ಅತ್ತೆಯೂ ಒಂದೊಂದು ತಿಂದೆವು.

ಇವತ್ತು ಬಾಳೆ ಎಲೆಯಲ್ಲಿ ಸುತ್ತಿದ ಒಂದು ಮೊಳ ಮಲ್ಲಿಗೆ. ನನಗೇ. ಆದರೆ ಬಸ್ಸು ಸಿರುಗುಪ್ಪದ ಈಚೆ ಕೆಟ್ಟು ನಿಂತು ಬರುವಷ್ಟರಲ್ಲಿ ಹೂವೆಲ್ಲ ಬೆಂದ ಹಾಗೆ ಆಗಿತ್ತು. ಫೋನಿನಲ್ಲಿ ಹೇಳಿದೆ, ಇನ್ನು ಮೇಲೆ ಹೂವು ಕಳಿಸಬೇಡಿ, ಸುಮ್ಮನೆ ದಂಡ ಅಂತ. ಆಗಲಿ ಅಂದರು.

ಒಂದು ಒಳ್ಳೆಯದಾಗಿದೆ. ಕಾಡಸಿದ್ದಪ್ಪನವರು ಬಂದಿದ್ದರು, ಬಾಗಿಲು ತೆಗೆದ ಕೂಡಲೇ ರಕ್ತ ಕೊಟ್ಟು, ಚಹಾ ಕುಡಿದು ಗದ್ದೆಗೆ ಹೋದರು.

ಜುಲೈ ೨೯, ಮಂಗಳವಾರ. ಪಂಚಮಿ

ತವರಿಗೆ ಹೋಗಲಿಲ್ಲ. ಹೋಗಲಿಲ್ಲ ಅನ್ನುವುದಕ್ಕಿಂತ ಹೋಗಿ ಬಂದೆ ಅನ್ನಬೇಕು, ಸಿರುಗುಪ್ಪದವರೆಗೆ. ಅತ್ತೆಯೇ ಎಳ್ಳುಂಡಿ, ಶೇಂಗಾ ಉಂಡಿ ಕಟ್ಟಿಕೊಟ್ಟು, ಜೊತೆಗೂ ಬಂದರು. ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಪಂಚಮಿಗೆ ಹೊರಟ ಹೆಣ್ಣುಮಕ್ಕಳೇ ಹೆಣ್ಣುಮಕ್ಕಳು. ಕುರುಗೋಡಿನ ಕಡೆಯ ಒಂದು ಬಸ್ಸು ಬಂತು, ಬಾಗಿಲಲ್ಲೇ ಜೋತಾಡುವ ಜನ. ಇನ್ನೊಂದು ಬರಲೇ ಇಲ್ಲ. ಮಧ್ಯಾಹ್ನ ಮೀರಿತು. ಆಚೆ ಹೋದರೆ ಹಾಲ್ಟ್ ಬಸ್ಸಿನ ಹೊತ್ತಿಗೆ ಈಚೆ ಮುಟ್ಟುವುದಿಲ್ಲ, ನಾಳೆ ಬೆಳಿಗ್ಗೆ ಬೆಂಚಿನ ತುಂಬ ಖಾಲಿ ಹೊಟ್ಟೆಯವರು.

ಅವ್ವನಿಗೆ ಫೋನು ಮಾಡಿದೆ. ಅವಳು ಜೋಕಾಲಿ ಕಟ್ಟಿಸಿದ್ದಳಂತೆ. ಪರವಾಗಿಲ್ಲ ಅಂದಳು. ಅವ್ವ ಪರವಾಗಿಲ್ಲ ಅಂದಾಗ ಏನು ಅರ್ಥ ಅಂತ ನನಗೆ ಗೊತ್ತು.

ಅಲ್ಲೇ ಕಲ್ಲು ಬೆಂಚಿನ ಮೇಲೆ ಕೂತು ಅತ್ತೆ ಉಂಡಿಯ ಗಂಟು ಬಿಚ್ಚಿದರು. ನಮ್ಮ ಹಾಗೆ ಉಳಿದಿದ್ದ ಹೆಂಗಸರಿಗೆಲ್ಲ ಒಂದೊಂದು ಕೊಟ್ಟರು. ಅವರೂ ತಮ್ಮ ಗಂಟು ಬಿಚ್ಚಿದರು. ಯಾರ ತವರಿಗೋ ಹೋಗಬೇಕಾಗಿದ್ದ ಉಂಡಿ ಯಾರೋ ತಿಂದೆವು. ಅತ್ತೆಯ ಎಳ್ಳುಂಡಿ ಎಲ್ಲಕ್ಕಿಂತ ಚೆನ್ನಾಗಿತ್ತು. ಅದನ್ನು ಅವರಿಗೆ ಹೇಳಲಿಲ್ಲ, ತಲೆಗೇರೀತು.

ಆಗಸ್ಟ್ ೧೦, ಭಾನುವಾರ

ಸಮ್ರಾಟ್ ಬಂದಿದ್ದರು. ಸಿರುಗುಪ್ಪದಿಂದ ಮುಂದೆ ಬಸ್ಸಿಲ್ಲದೆ, ಗೊಬ್ಬರದ ಟ್ರ್ಯಾಕ್ಟರ್ ಹತ್ತಿ ಬಂದರು. ತಲೆಯಿಂದ ಕಾಲಿನವರೆಗೆ ಧೂಳು. ಉಂಡರು, ಗೋಡೆಗೆ ಒರಗಿದರು, ಹಾಗೇ ನಿದ್ದೆ ಹೋದರು. ಎಬ್ಬಿಸುವಷ್ಟರಲ್ಲಿ ವಾಪಸ್ ಬಸ್ಸಿನ ಹೊತ್ತಾಗಿತ್ತು. ಹೇಳಬೇಕು ಅಂದುಕೊಂಡ ಒಂದು ಮಾತೂ ಆಡಲಿಲ್ಲ. ಅಂಗಿಗೆ ಒಂದು ಗುಂಡಿ ಇರಲಿಲ್ಲ. ಊರಿಗೆಲ್ಲ ಪ್ಯಾಂಟು ಕತ್ತರಿಸುವವರ ಅಂಗಿ ನೋಡಿ ಅಂತ ಅತ್ತೆ ಛೇಡಿಸುತ್ತಾ ನಿಂತ ನಿಲುವಿನಲ್ಲೇ ಹೊಲಿದು ಕೊಟ್ಟರು.

ಆಗಸ್ಟ್ ೨೧, ಗುರುವಾರ

ಅತ್ತೆ ಈಗ ದಿನಾ ಆಸ್ಪತ್ರೆಗೆ ಬರುತ್ತಾರೆ. ಬೇಡ ಅಂದರೂ ಕೇಳುವುದಿಲ್ಲ. ಖಾಲಿ ಹೊಟ್ಟೆಯವರ ಬೆಂಚಿನ ತುದಿಗೆ ಕೂತು ಹರಟುತ್ತಾರೆ. ರಕ್ತ ಕೊಟ್ಟು ಹೊರಗೆ ಬಂದವರಿಗೆ ಸೆರಗಿನ ಮರೆಯಿಂದ ಅರ್ಧ ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತಾರೆ. ಅರ್ಧ ಊರಿಗೆ ಅವರು ಎರ್ರಮ್ಮಕ್ಕ. ನಾನು ಎರ್ರಮ್ಮಕ್ಕನ ಸೊಸೆ. ಸೂಜಿ ಚುಚ್ಚುವವಳಿಗಿಂತ ರೊಟ್ಟಿ ಕೊಡುವವರ ಹೆಸರೇ ಮೊದಲು, ಅದು ನ್ಯಾಯವೇ.

ಬೆಳಗಿನ ಧಪ್ ಧಪ್ ಈಗ ಅಷ್ಟು ಕೇಳಿಸುವುದಿಲ್ಲ. ಮೊನ್ನೆ ಅತ್ತೆಗೆ ನೆಗಡಿಯಾಗಿ ತಡವಾಗಿ ಎದ್ದರು, ಸದ್ದಿಲ್ಲದೆ ನನಗೆ ಎಚ್ಚರವಾಗಿಬಿಟ್ಟಿತು.

ಸೆಪ್ಟೆಂಬರ್ ೪, ಗುರುವಾರ

ಡಬ್ಬಿಯಲ್ಲಿ ಒಂದು ಹಿತ್ತಾಳೆ ಗುಂಡಿ. ಜೀನ್ಸ್ ಪ್ಯಾಂಟಿಗೆ ಹಾಕುವಂಥದ್ದು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಖಾಲಿ ಕಳಿಸಬಾರದು ಅಂದಿದ್ದಕ್ಕೆ ಕೈಗೆ ಸಿಕ್ಕಿದ್ದು ಹಾಕಿದ್ದಾರೆ. ಅತ್ತೆ ಅದನ್ನು ದೇವರ ಮುಂದಿನ ತಟ್ಟೆಯಲ್ಲಿಟ್ಟರು.

ಸೆಪ್ಟೆಂಬರ್ ೧೮, ಗುರುವಾರ

ಈಗೀಗ ಸಂಜೆ ಕೆಲಸವೆಂದರೆ ಹಾಲ್ಟ್ ಬಸ್ಸಿಗೆ ಕಾಯುವುದು. ನಾನು, ಅತ್ತೆ, ಉಚ್ಚಂಗೆಮ್ಮ ಮೂವರೂ ಅರಳಿಕಟ್ಟೆಯ ಮೇಲೆ ಕೂರುತ್ತೇವೆ. ಡಬ್ಬಿಯಲ್ಲಿ ಏನಿರುತ್ತದೆ ಅಂತ ಪಂದ್ಯ. ಸೋತವರು ಮರುದಿನ ಪಾತ್ರೆ ತೊಳೆಯಬೇಕು. ಅತ್ತೆಯೇ ಹೆಚ್ಚು ಗೆಲ್ಲುವುದು, ಮಗನ ಬುದ್ಧಿ ಅವರಿಗೆ ಗೊತ್ತು. ಇವತ್ತು ನಾನು ಶೇಂಗಾ ಚಿಕ್ಕಿ ಅಂದೆ, ಅವರು ಸಕ್ಕರೆ ಅಂದರು. ಸಕ್ಕರೆಯೇ ಬಂತು. ಹೋಟೆಲಿನಲ್ಲಿ ಚಹಾದ ಜೊತೆ ಕೊಡುತ್ತಾರಲ್ಲ, ಆ ಸಣ್ಣ ಕಾಗದದ ಪೊಟ್ಟಣ. ಮನೆಯಲ್ಲಿ ಚಹಾ ಮಾಡಿಕೊಳ್ಳಲು ಸೋಮಾರಿತನ ಅಂತ ಅತ್ತೆ ಬೈದರು.

ಉಚ್ಚಂಗೆಮ್ಮ ಒಳ್ಳೆ ಮಾತುಗಾರ್ತಿ. ಈ ಊರಿನವರು ಪರಸ್ಥಳದ ಮದುವೆಗೆ ಹೋದರೆ ಅಕ್ಕಿಕಾಳು ಹಾಕಿದ ಕೂಡಲೇ ಎದ್ದು ಬಂದುಬಿಡುತ್ತಾರಂತೆ, ಊಟಕ್ಕೆ ನಿಂತರೆ ಬಸ್ಸು ತಪ್ಪುತ್ತದೆ. ಬೀಗರು ಅದನ್ನು ಸೊಕ್ಕು ಅಂದುಕೊಂಡಿದ್ದಾರೆ. ಇವರ ತಂಗಿ ಅದೇ ಸಿಟ್ಟಿನಲ್ಲಿ ಮಾತು ಬಿಟ್ಟು ಎಷ್ಟೋ ವರ್ಷವಾಯಿತು. "ಉಣ್ಣಲಾರದ ಎದ್ದು ಬಂದಿ ಅಂತ ಆಕಿ ಸಿಟ್ಟು. ನನಗ ಹಸಿವಿತ್ತು ಅಂತ ಆಕಿಗೆ ಹೆಂಗ ಹೇಳ್ಲಿ?" ಅಂದರು. ನಗುತ್ತಲೇ ಹೇಳಿದರು.

ಕತ್ತಲಾಗುವಾಗ ಗದ್ದೆಯ ಕಡೆಯಿಂದ ತಂಪು ಗಾಳಿ ಬರುತ್ತದೆ. ಬಳ್ಳಾರಿಯಲ್ಲಿ ಈ ಗಾಳಿ ಎಲ್ಲಿ ಬರಬೇಕು, ಬರೀ ಕಲ್ಲು ಕಾದ ಝಳ.

ಅಕ್ಟೋಬರ್ ೩, ಶುಕ್ರವಾರ

ದಸರೆಗೆ ಎರಡು ದಿನ ಬಳ್ಳಾರಿಗೆ ಹೋಗಿ ಬಂದೆವು. ಸಮ್ರಾಟ್ ಎಷ್ಟು ಒಳ್ಳೆಯವರು ನೋಡಿ, ಬಸ್ಸಿನಲ್ಲಿ ದಣಿದು ಬಂದಿದ್ದೀರಿ ಅಂತ ಅತ್ತೆಯನ್ನೂ ನನ್ನನ್ನೂ ಅಡುಗೆಮನೆಗೆ ಹೋಗಲೇ ಬಿಡಲಿಲ್ಲ. ಚಹಾ, ಊಟ, ಹೋಳಿಗೆ ಎಲ್ಲ ಹೋಟೆಲಿನಿಂದಲೇ. ಅತ್ತೆಗೆ ಹೋಟೆಲಿನ ಹೋಳಿಗೆ ಸೇರಲಿಲ್ಲ.

ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಹೊಸ ಜಾಗ ಅಂದರೆ ನನಗೆ ಮೊದಲಿನಿಂದಲೂ ಹಾಗೇ. ಇಲ್ಲಿ ಬಂದು ಹುಣಸೆಮರದ ಕೆಳಗೆ ಮಂಚ ಹಾಕಿಕೊಂಡ ಮೇಲೆ ಸರಿಹೋಯಿತು.

ಅಕ್ಟೋಬರ್ ೧೨, ಭಾನುವಾರ

ಸಮ್ರಾಟ್ ಹೊರಟಿದ್ದರಂತೆ, ಸಿರುಗುಪ್ಪದಲ್ಲಿ ಬಸ್ಸಿಗೆ ಕಾದು ಕಾದು ವಾಪಸ್ ಹೋದರಂತೆ. ಇನ್ನು ತಿಂಗಳಿಗೊಮ್ಮೆ ಬರುತ್ತೇನೆ ಅಂದರು. ಅದೇ ಸರಿ. ಇರುವ ಒಂದು ಭಾನುವಾರವನ್ನೂ ಬಸ್ ಸ್ಟ್ಯಾಂಡಿನಲ್ಲಿ ಯಾಕೆ ಕಳೆಯಬೇಕು. ಅತ್ತೆ ಅವರಿಗಾಗಿ ಮಾಡಿದ್ದ ಎಣ್ಣೆಗಾಯಿ ನಾವೇ ತಿಂದೆವು.

ಅಕ್ಟೋಬರ್ ೧೬, ಗುರುವಾರ

ಇವತ್ತು ರೊಟ್ಟಿ ನಾನು ಬಡಿದೆ. ಒಂದು ಆಂಧ್ರದ ಆಕಾರ, ಒಂದು ಕರ್ನಾಟಕದ ಆಕಾರ. ಅತ್ತೆ ಗಡಿ ಜಗಳ ಬೇಡ ಅಂತ ಎರಡನ್ನೂ ಮುರಿದು ಒಂದೇ ತಟ್ಟೆಗೆ ಹಾಕಿದರು. ಸಮ್ರಾಟ್‌ಗೆ ಅದನ್ನೇ ಕಳಿಸಿದೆವು, ಹೇಗಿತ್ತು ಅಂತ ಫೋನಿನಲ್ಲಿ ಕೇಳಿದರೆ ಚೆನ್ನಾಗಿತ್ತು ಅಂದರು. ಯಾರು ಬಡಿದದ್ದು ಅಂತಲೂ ಗೊತ್ತಾಗಲಿಲ್ಲವೇ ಅಂದೆ. ಹೂಂ ಅಂದರು. ಅವರು ಈಚೆಗೆ ಎಲ್ಲದಕ್ಕೂ ಹೂಂ. ಕೆಲಸ ಹೆಚ್ಚಿರಬೇಕು, ದೀಪಾವಳಿ ಆರ್ಡರು.

ಅಕ್ಟೋಬರ್ ೩೦, ಗುರುವಾರ

ಬೆಳಗಿನ ನೇರ ಬಸ್ಸು ಸೋಮವಾರದಿಂದ ಮತ್ತೆ ಬಿಡುತ್ತಾರಂತೆ. ಕೊಟ್ಟೂರಪ್ಪನವರೇ ಹೇಳಿದ್ದು. ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ ಅಂದರು ಅತ್ತೆ. ನಾನೂ ಹೌದೆಂದೆ.

ನವೆಂಬರ್ ೩, ಸೋಮವಾರ

ಬಂತು. ಒಂಬತ್ತೂಕಾಲಿಗೆ, ಮುಂದೆ ಬಾಳೆಕಂಬ ಕಟ್ಟಿಕೊಂಡು. ಊರಿನವರು ತೆಂಗಿನಕಾಯಿ ಒಡೆದರು. ನಾನೂ ಆಸ್ಪತ್ರೆಯ ಬಾಗಿಲಲ್ಲಿ ನಿಂತು ನೋಡಿದೆ.

ಜುಲೈಯಲ್ಲಿ ಇದೇ ಬಸ್ಸಿಗಾಗಿ ದೇವರಿಗೆ ಹರಕೆ ಹೊತ್ತಿದ್ದೆ. ಆದರೆ ಒಂದು ವಾರ ನೋಡಬೇಕು. ಈ ಬಸ್ಸನ್ನು ನಂಬಿ ಸಾಮಾನು ಕಟ್ಟಿ, ಮರುದಿನವೇ ಅದು ನಿಂತರೆ? ಅತ್ತೆಗೂ ಅದೇ ಅನಿಸಿದೆ.

ನವೆಂಬರ್ ೧೦, ಸೋಮವಾರ

ದಿನಾ ಬರುತ್ತಿದೆ. ಬುಧವಾರ ಹತ್ತು ನಿಮಿಷ ತಡ. ಅಂದರೆ ನಂಬುವ ಹಾಗಿಲ್ಲ.

ಸಮ್ರಾಟ್ ಫೋನಿನಲ್ಲಿ ಬಸ್ಸಿನ ಮಾತು ಎತ್ತಿದರು. ಹದಿನೇಳಕ್ಕೆ ಇಲ್ಲಿ ಕಾರ್ತೀಕದ ದೀಪ, ಊರ ಹೆಂಗಸರೆಲ್ಲ ಸೇರಿ ಹಚ್ಚುವುದು, ಅತ್ತೆಗೆ ಎಣ್ಣೆಯ ಜವಾಬ್ದಾರಿ ಕೊಟ್ಟಿದ್ದಾರೆ, ಅದು ಮುಗಿಸಿಕೊಂಡು ಬರುತ್ತೇವೆ ಅಂದೆ. ಆಗಲಿ ಅಂದರು. ಡಬ್ಬಿಯಲ್ಲಿ ಸಕ್ಕರೆ ಪೊಟ್ಟಣ.

ನವೆಂಬರ್ ೧೭, ಸೋಮವಾರ

ಕಲ್ಲಿನ ಮಂಟಪದ ತುಂಬ ದೀಪ. ಅತ್ತೆ ಒಂದೊಂದಕ್ಕೂ ಎಣ್ಣೆ ಸುರಿಯುತ್ತಾ ಸಣ್ಣ ಹುಡುಗಿಯ ಹಾಗೆ ಓಡಾಡಿದರು. ಈ ನಾಲ್ಕು ತಿಂಗಳಲ್ಲಿ ಅವರು ಕಸಬರಿಗೆಯ ವಿಷಯವೇ ಎತ್ತಿಲ್ಲ, ಈಗ ನೆನಪಾಯಿತು. ಬಹುಶಃ ನಾನು ಚೆನ್ನಾಗಿ ಗುಡಿಸಲು ಕಲಿತಿರಬೇಕು.

ಬರುವ ವಾರ ಉಚ್ಚಂಗೆಮ್ಮನ ಮನೆಯಲ್ಲಿ ಶಾವಿಗೆ ಮಾಡುತ್ತಾರೆ. ಅದಾದ ಮೇಲೆ ಹೊರಡುವುದು.

ನವೆಂಬರ್ ೨೦, ಗುರುವಾರ

ಡಬ್ಬಿ ಖಾಲಿ ಬಂತು.

ನಾನು ಬಾಳೆಹಣ್ಣು ಅಂದಿದ್ದೆ, ಅತ್ತೆ ಸಕ್ಕರೆ. ಮುಚ್ಚಳ ತೆಗೆದರು. ತೊಳೆದು, ಒರೆಸಿ, ಕನ್ನಡಿಯ ಹಾಗೆ ಇತ್ತು. ಕೆಳಗಿನ ಡಬ್ಬಿ ತೆಗೆದರು, ಅದೂ ಖಾಲಿ. ಕೊಟ್ಟೂರಪ್ಪನವರನ್ನು ಕೇಳಿದೆವು, ಸಮ್ರಾಟ್ ತಾವೇ ಬಂದು ಕೈಗೆ ಕೊಟ್ಟರಂತೆ.

ನಾನು ಫೋನು ಮಾಡಿದೆ. ಆರಾಮಿದ್ದೇನೆ, ಏನಾಗಿಲ್ಲ, ಊಟ ಆಯಿತು ಅಂದರು. ಅತ್ತೆಗೆ ಅದನ್ನೇ ಹೇಳಿದೆ. ಮರೆತಿರಬೇಕು ಬಿಡಿ ಅಂದೆ. ಅವರು ಕಟ್ಟೆಯಿಂದ ಏಳಲೇ ಇಲ್ಲ, ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

"ಫೋನಿನ್ಯಾಗ ಎಲ್ಲಾರೂ ಆರಾಮ ಇರ್ತಾರವ್ವ," ಅಂದರು. "ನಾಳಿ ಮುಂಜಾನಿ ಬಸ್ಸಿಗೆ ಹೋಗಾಕಬೇಕು."

ಡಾಕ್ಟರಿಗೆ ರಜೆ ಹೇಳಿದೆ. ನಾಳೆ ಯಾರೂ ಉಪವಾಸ ಬರಬೇಡಿ, ತಿಂಡಿ ತಿನ್ನಿ ಅಂತ ಊರಿಗೆ ಹೇಳುವ ಕೆಲಸ ಉಚ್ಚಂಗೆಮ್ಮನದು. ಮನಸ್ಸಿಗೆ ಸಮಾಧಾನವಿಲ್ಲ. ಅತ್ತೆ ಸುಮ್ಮನೆ ಹೆದರುತ್ತಿದ್ದಾರೆ ಅಂತ ಬರೆಯಲು ಹೊರಟಿದ್ದೆ, ಆದರೆ ನಾನೂ ಈಗಲೇ ಚೀಲ ಕಟ್ಟಿಟ್ಟಿದ್ದೇನೆ.

ನವೆಂಬರ್ ೨೧, ಶುಕ್ರವಾರ. ಬಳ್ಳಾರಿ

ಡಬ್ಬಿ ಕಳಿಸುವ ಬಸ್ಸಿನಲ್ಲೇ ನಾವೂ ಬಂದೆವು. ಡಬ್ಬಿಯನ್ನು ಬಾನೆಟ್ಟಿನ ಮೇಲಿಡಿ ಅಂದರೂ ಅತ್ತೆ ಇಡಲಿಲ್ಲ, ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡರು. ಬಸ್ ಸ್ಟ್ಯಾಂಡಿನಲ್ಲಿ ಸಮ್ರಾಟ್ ಇರಲಿಲ್ಲ. ಬರಬೇಡಿ ಅಂತ ನಾನೇ ರಾತ್ರಿ ಮೆಸೇಜು ಹಾಕಿದ್ದೆ, ನಾವು ಬರುವುದು ಹೇಳಿರಲಿಲ್ಲ.

ಆಟೋ ಹಿಡಿದು ಪಾರ್ವತಿನಗರದ ನಮ್ಮ ಮನೆಗೆ ಬಂದೆವು. ಸಮ್ರಾಟ್ ಕೆಲಸಕ್ಕೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದರು. ಜ್ವರವಿಲ್ಲ, ಗಾಯವಿಲ್ಲ. ಸ್ವಲ್ಪ ಇಳಿದಿದ್ದಾರೆ. ನಮ್ಮನ್ನು ನೋಡಿ ನಿಂತೇಬಿಟ್ಟರು.

ಅತ್ತೆ ಅವರನ್ನು ಮುಟ್ಟಿ ನೋಡಿ, ನೇರ ಅಡುಗೆಮನೆಗೆ ಹೋದರು. ನಾನೂ ಹಿಂದೆಯೇ ಹೋದೆ. ಎಲ್ಲ ಸ್ವಚ್ಛ. ಒಲೆಯ ಮೇಲೆ ಕಲೆಯಿಲ್ಲ, ಸಿಂಕಿನಲ್ಲಿ ಲೋಟವಿಲ್ಲ. ಸಿಲಿಂಡರ್ ಖಾಲಿಯಾಗಿ ಎಷ್ಟು ದಿನವಾಗಿತ್ತೋ, ಎತ್ತಿದರೆ ಹಗುರ. ಅತ್ತೆ ಅಕ್ಕಿ ಡಬ್ಬ ತೆಗೆದರು, ಬೇಳೆ ಡಬ್ಬ ತೆಗೆದರು, ಸಕ್ಕರೆ ಡಬ್ಬ ತೆಗೆದರು. ಒಂದರಲ್ಲೂ ಏನೂ ಇಲ್ಲ. ಸಕ್ಕರೆ ಡಬ್ಬದಲ್ಲಿ ಇರುವೆಯೂ ಇಲ್ಲ.

ಡಬ್ಬಿ ಯಾಕೆ ಖಾಲಿ ಕಳಿಸಿದೆ ಅಂತ ಕೇಳಿದರು. ಸಮ್ರಾಟ್ ಬಾಗಿಲ ಹತ್ತಿರ ನಿಂತಿದ್ದರು. ಸಿಟ್ಟಿನಿಂದ ಹೇಳಲಿಲ್ಲ, ತಪ್ಪು ಮಾಡಿದವರ ಹಾಗೆ ಹೇಳಿದರು.

"ದಿನಾ ಹೋಟೆಲಿಂದ ಏನಾರ ತಂದು ಹಾಕ್ತಿದ್ದೆ. ನಿನ್ನಿ ಮನ್ಯಾಗಿಂದ ಏನಾರ ಹಾಕೋಣ ಅಂತ ಹುಡುಕಿದೆ. ಹಾಕಾಕ ಮನ್ಯಾಗ ಏನೂ ಇರಲಿಲ್ಲವ್ವ."

ಅತ್ತೆ ಬರಿಗೈಯಲ್ಲಿ ಅಲ್ಲೇ ನೆಲಕ್ಕೆ ಕೂತರು. ಸಕ್ಕರೆ ಪೊಟ್ಟಣ, ಗುಂಡಿ, ದಸರೆಯ ಹೋಟೆಲ್ ಊಟ, ಆ ಹೂಂ, ಎಲ್ಲ ಒಂದೇ ಸಲ ನನ್ನ ಕಣ್ಣ ಮುಂದೆ ಬಂತು. ಅಷ್ಟೂ ದಿನ ಡಬ್ಬಿಯೊಳಗೆ ಏನಿದೆ ಅಂತ ನೋಡಿ ನಕ್ಕೆವು, ಕಳಿಸುವ ಮನೆಯಲ್ಲಿ ಏನಿದೆ ಅಂತ ನೋಡಲಿಲ್ಲ. ಬಸ್ಸು ಇಲ್ಲದಾಗ ತಪ್ಪನ್ನು ಬಸ್ಸಿನ ಮೇಲೆ ಹಾಕಿದೆ. ಬಸ್ಸು ಬಂದ ಮೇಲೆ?

ಅಳಲಿಲ್ಲ, ಕಿರಾಣಿ ಅಂಗಡಿಗೆ ಓಡಿದೆ. ಮೊದಲು ಸಕ್ಕರೆ ತಂದೆ.

ನವೆಂಬರ್ ೨೩, ಭಾನುವಾರ

ಮೂವರೂ ಹೋಗಿ ರಾರಾವಿಯ ಕೋಣೆ ಖಾಲಿ ಮಾಡಿ ಬಂದೆವು. ಕೊಣಮಿಗೆ, ಹಂಚು, ಹಿಟ್ಟಿನ ಡಬ್ಬ, ದೇವರ ತಟ್ಟೆಯ ಹಿತ್ತಾಳೆ ಗುಂಡಿ. ಕಸಬರಿಗೆಯನ್ನು ಅತ್ತೆ ಉಚ್ಚಂಗೆಮ್ಮನಿಗೆ ಬಿಟ್ಟು ಬಂದರು. ಉಚ್ಚಂಗೆಮ್ಮ ನಮ್ಮ ಹಿಟ್ಟಿನ ಡಬ್ಬದಲ್ಲಿ ಹುಣಸೆಹಣ್ಣು ತುಂಬಿ ಕೊಟ್ಟರು. ಖಾಲಿ ಕಳಿಸಲಿಲ್ಲ.

ಬಸ್ಸು ಇರುವುದರಿಂದ ತಂಗಿಯ ಊರಿಗೆ ಒಮ್ಮೆ ಹೋಗಿ ಬನ್ನಿ ಅಂತ ಉಚ್ಚಂಗೆಮ್ಮನಿಗೆ ಹೇಳಿದೆ. ಊಟಕ್ಕೆ ಹೋಗ್ತೀನಿ, ಉಂಡೇ ಬರ್ತೀನಿ ಅಂದರು.

ಬಸ್ಸು ಹತ್ತುವಾಗ ಅತ್ತೆ ಹಿಂದಿರುಗಿ ನೋಡಲಿಲ್ಲ. ನಾನು ನೋಡಿದೆ. ಕಣ್ಣು ಒದ್ದೆಯಾಯಿತು, ಧೂಳಿರಬೇಕು.

ನವೆಂಬರ್ ೨೪, ಸೋಮವಾರ

ನೇರ ಬಸ್ಸು ಸಮಯಕ್ಕೆ ಮುಟ್ಟಿತು. ಕಾಡಸಿದ್ದಪ್ಪನವರು ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ನೋಡಿದ್ದಕ್ಕಿಂತ ನನ್ನ ಹಿಂದೆ ಎರ್ರಮ್ಮಕ್ಕ ಬಂದರೇ ಅಂತ ನೋಡಿದರು. ನನ್ನ ಬ್ಯಾಗಿನಲ್ಲಿ ಅತ್ತೆ ಕೊಟ್ಟ ರೊಟ್ಟಿಯ ಗಂಟು ಇತ್ತು, ಬೆಂಚಿನವರಿಗೆಂದೇ ಕಟ್ಟಿದ್ದು. ಹಂಚಿದೆ. ಸಂಜೆ ಕತ್ತಲಾಗುವ ಮುಂಚೆ ಮನೆ ಮುಟ್ಟಿದೆ, ಹುಣಸೆಮರದ ಗಾಳಿ ಮಾತ್ರ ನೆನಪಾಯಿತು.

ಸಮ್ರಾಟ್ ನಾನು ಬಂದ ಸ್ವಲ್ಪ ಹೊತ್ತಿಗೆ ಬಂದರು, ಕೈಯಲ್ಲಿ ಅದೇ ಸ್ಟೀಲ್ ಡಬ್ಬಿ. ಅತ್ತೆ ಬೆಳಿಗ್ಗೆ ಯೂನಿಟ್ಟಿಗೆ ಕಟ್ಟಿಕೊಟ್ಟದ್ದು. ಅದನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟರು. ಅತ್ತೆಗೆ ರೂಢಿ ಬಿಡಬೇಕಲ್ಲ, ಹಿಟ್ಟಿನ ಕೈ ಒರೆಸಿಕೊಂಡು ಬಂದು ಮುಚ್ಚಳ ತೆಗೆದರು. ನಾನೂ ಬಗ್ಗಿ ನೋಡಿದೆ.

ಖಾಲಿ.

ಅತ್ತೆ ಮಗನ ಮುಖ ನೋಡಿದರು. ಸಮ್ರಾಟ್ ಚಪ್ಪಲಿ ಬಿಚ್ಚುತ್ತಾ, "ಡಬ್ಬಿ ಜೋಡಿ ನಾನ ಬಂದೀನಲ್ಲಬೇ," ಅಂದರು.

ಅತ್ತೆ ಡಬ್ಬಿ ತೊಳೆದು, ನಾಳೆಗೆಂದು ಕಟ್ಟೆಯ ಮೇಲೆ ಬೋರಲು ಹಾಕಿದರು. ಚಹಾಕ್ಕೆ ಇಟ್ಟರು. ಸಕ್ಕರೆ ಒಂದು ಚಮಚ ಹೆಚ್ಚೇ ಬಿದ್ದಿತ್ತು, ಮೂವರೂ ಕುಡಿದೆವು.